ಸಹಾಯ ಬೇಕು: ಕಾನ್ಪುರದ ಬಾವಿ ಸ್ಮಾರಕದ ಪೋಸ್ಟ್‌ಕಾರ್ಡ್, ಫೋಟೊ ಯಾವ ಕಾಲದ್ದು?

ಬೀಬಿಘರ್ ಬಾವಿಯ (1857ರ ದಂಗೆಯಲ್ಲಿ ಕೊಲೆಯಾದ ಬ್ರಿಟಿಷ್ ಹೆಂಗಸರು, ಮಕ್ಕಳ ಶವ ಎಸೆದಿದ್ದ ಬಾವಿ) ಮೇಲಿದ್ದ ಸ್ಮಾರಕದ (ಶಿಲ್ಪಿ ಮರೋಚೆಟ್ಟಿಯ ದೇವದೂತ ಮೂರ್ತಿ ಇದ್ದದ್ದು) ಬಣ್ಣದ ಕಾರ್ಡ್. ಹಿಂಬದಿ ನಡುಗೆರೆ (ವಿಳಾಸ, ಬರಹದ ಜಾಗ ಬೇರೆ ಮಾಡೋ ಗೆರೆ) ಇದೆ, ಹಾಗಾಗಿ ಅಂಥ ಕಾರ್ಡ್ ಶುರುವಾದ 1902ಕ್ಕಿಂತ ಹಿಂದಿನದಲ್ಲ. ಅಂಚಿನಲ್ಲಿ ‘ಪ್ರಿಂಟೆಡ್ ಇನ್ ಸ್ಯಾಕ್ಸನಿ’ ಅಂತಿದೆ, ಅಂದ್ರೆ ಜರ್ಮನಿಯಲ್ಲಿ ಅಚ್ಚಾದದ್ದು. ಬಹುಶಃ 1914ರ ಯುದ್ಧಕ್ಕೆ ಮುಂಚಿನದು. ಸ್ಟಾಂಪ್ ಏಳನೇ ಎಡ್ವರ್ಡನದು, ಅಂಚೆಮುದ್ರೆಯಲ್ಲಿ ವರ್ಷ ಮಾತ್ರ ಅಳಿಸಿದೆ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಚುಕ್ಕಿಗಳ ಸಾಲು ಕಾಣಲ್ಲ, ಸುಕ್ಕುಸುಕ್ಕಾದ ಕಣಗಳಿವೆ: ಕೊಲೊಟೈಪ್ (ಜೆಲಾಟಿನ್ ಪದರದಿಂದ ಫೋಟೊ ಅಚ್ಚು ಹಾಕೋ ವಿಧಾನ), ಅದರ ಮೇಲೆ ಬಣ್ಣ.

ಇಷ್ಟರಿಂದ ಕಾರ್ಡಿನ ಕಾಲ ಸಿಗುತ್ತೆ, ಫೋಟೊದ್ದು ಸಿಗಲ್ಲ. ಪ್ರಕಾಶಕರು ಹಳೇ ನೆಗೆಟಿವನ್ನೇ ವರ್ಷಗಟ್ಟಲೆ ಓಡಿಸ್ತಿದ್ರು. ಮೂರ್ತಿ, ಕಲ್ಲಿನ ಜಾಲಂಧ್ರ ಸ್ವಾತಂತ್ರ್ಯದವರೆಗೂ ಅಲ್ಲೇ ಇದ್ದಿದ್ದರಿಂದ ಅವೂ ಉಪಯೋಗಕ್ಕಿಲ್ಲ. ಉಳಿದಿರೋದು ಸುತ್ತಲಿನ ಮರಗಳ ಎತ್ತರ ಒಂದೇ.

ಮರಗಳನ್ನ ಹೋಲಿಸಿ ನೋಡೋಕೆ, ಮುಂಬಾಗಿಲ ಎದುರಿನಿಂದ ತೆಗೆದ, ತಾರೀಕು ಖಚಿತವಿರುವ ಫೋಟೊ ಅಥವಾ ಕಾರ್ಡ್ ಯಾರ ಹತ್ರವಾದ್ರೂ ಇದೆಯಾ?