'ಫ್ಯಾದಮ್'ಗೆ ಮಾರು ಅನ್ನೋಣವೇ, ಆಳು ಅನ್ನೋಣವೇ?

ಗೆಳೆಯರೇ, ನಮಸ್ಕಾರ.

ಹಳೆಯ ಪಿನ್‌ಬಾಲ್ ಯಂತ್ರಗಳ (ಇಳಿಜಾರು ಮೇಜಿನ ಮೇಲೆ ಉಕ್ಕಿನ ಗುಂಡು ಚಿಮ್ಮಿಸಿ ಆಡುವ ಆಟದ ಯಂತ್ರಗಳು) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಹೆಸರಿನ ಹತ್ತಿರ ಬಂದು ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ಅಮೆರಿಕದ ಬ್ಯಾಲಿ ಕಂಪನಿ 1981ರಲ್ಲಿ ತಂದ ಯಂತ್ರ ಅದು, ಹೆಸರು 'ಫ್ಯಾದಮ್', ಅಂದರೆ ನೀರಿನ ಆಳದ ಒಂದು ಅಳತೆ. ಆಟ ರೂಪಿಸಿದವರು ವಾರ್ಡ್ ಪೆಂಬರ್ಟನ್, ಚಿತ್ರ ಗ್ರೆಗ್ ಫ್ರೆರೆಸ್ ಅವರದು. ಎಲ್ಲಿ ನೋಡಿದರೂ ಕಡಲಿನ ನೀಲಿ, ಹಸಿರು, ಮತ್ಸ್ಯಕನ್ಯೆಯರು.

ಆಟವೂ ಹೆಸರಿಗೆ ತಕ್ಕ ಹಾಗಿದೆ. ಪುಟ್ಟ ಹಲಗೆಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಉಕ್ಕಿನ ಗುಂಡು ಬಡಿದರೆ ಮೊದಲನೆಯದು ಕೆಳಗಿಳಿಯುತ್ತದೆ, ಹಿಂದಿನದು ಎದುರಾಗುತ್ತದೆ. ಎಲ್ಲ ಬೀಳಿಸಿದರೆ ಹಿಂದಿನ ಗುಳಿಗೆ ದಾರಿ. ಗುಳಿಗಳಲ್ಲಿ ಗುಂಡು ಕೂರಿಸುತ್ತಾ ಹೋದರೆ ಕೊನೆಗೆ ಮೂರೂ ಗುಂಡು ಒಟ್ಟಿಗೆ ಹೊರಬರುತ್ತವೆ. ಒಂದೊಂದು ಹಲಗೆ ದಾಟಿದಾಗಲೂ ಇನ್ನಷ್ಟು ಆಳಕ್ಕೆ ಇಳಿದಂತೆ ಅಲ್ವಾ?

ಈಗ ಪದಕ್ಕೆ ಬರುತ್ತೇನೆ. ಒಂದು ಫ್ಯಾದಮ್ ಅಂದರೆ 6 ಅಡಿ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಚಾಚಿದ ಎರಡು ತೋಳು, ಅಪ್ಪುಗೆ ಅನ್ನೋ ಅರ್ಥ ಇತ್ತು. ಇದನ್ನು ಓದಿದ ಕೂಡಲೇ ನಮ್ಮ ಬೀದಿಯ ಹೂವಿನವರು ಕಣ್ಣ ಮುಂದೆ ಬಂದರು. 'ಒಂದು ಮಾರು ಕೊಡಮ್ಮ' ಅಂದರೆ ಎರಡೂ ಕೈ ಅಗಲಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ದಾರ ಎಳೆದು ತೋರಿಸುತ್ತಾರೆ. ನಾಲ್ಕು ಮೊಳ ಸೇರಿದರೆ ಒಂದು ಮಾರು. ಹುಟ್ಟಿದ ರೀತಿಯೂ ಅದೇ, ಉದ್ದವೂ ಹೆಚ್ಚುಕಡಿಮೆ ಅದೇ. ಇಷ್ಟು ಸರಿಯಾಗಿ ಕೂರುವ ಪದ ಸಿಗೋದು ಅಪರೂಪ, ತುಂಬಾ ಖುಷಿಯಾಯಿತು.

ತೊಡಕು ಎರಡು. ಸುಮ್ನೆ 'ಮಾರು' ಅಂತ ತಲೆಬರಹ ಕೊಟ್ಟರೆ ಏನನ್ನೋ ಮಾರಲು ಹೇಳಿದ ಹಾಗೆ ಕೇಳುತ್ತದೆ. ಇನ್ನೊಂದು, ಹಗ್ಗ, ಹೂವು, ಬಟ್ಟೆ ಅಂದರೆ ಮಾರು ಸರಿ. ನೀರಿಗೆ ನಮ್ಮ ಕಡೆ ಜಾಸ್ತಿ ಬಳಸೋದು ಆಳು. 'ಕೆರೆಯಲ್ಲಿ ಎರಡಾಳು ನೀರಿದೆ' ಅನ್ನುತ್ತೇವೆ. ಮನುಷ್ಯ ಕೈ ಚಾಚಿದರೆ ಎಷ್ಟು ಅಗಲವೋ ಸುಮಾರು ಅಷ್ಟೇ ಅವನ ಎತ್ತರ. ಹಾಗಾಗಿ ಅಳತೆಯಲ್ಲಿ ಎರಡೂ ಒಂದೇ. ಆದರೆ ಆಳು ಅಂದರೆ ತೋಳಿನ ಅಪ್ಪುಗೆ ಹೋಗಿಬಿಡುತ್ತದೆ. ಮತ್ಸ್ಯಕನ್ಯೆಯರಿರುವ ಆಟಕ್ಕೆ ಅದು ಬೇಕೇ ಬೇಕು ಅಂತ ನನಗೆ ಅನಿಸುತ್ತದೆ.

ಸದ್ಯಕ್ಕೆ 'ನೂರು ಮಾರು ಆಳ' ಎಂದು ಬರೆದಿಟ್ಟಿದ್ದೇನೆ. ಕರಾವಳಿಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ದೋಣಿಯಿಂದ ಹಗ್ಗ ಇಳಿಬಿಟ್ಟು ಆಳ ನೋಡುವಾಗ ನಿಮ್ಮ ಮನೆಯ ಹಿರಿಯರು ಯಾವ ಪದದಲ್ಲಿ ಎಣಿಸುತ್ತಾರೆ?