ಪದಚರ್ಚೆ: ‘ಕ್ರೂನರ್’ (ಮೈಕೆಲ್ ಬುಬ್ಲೆ ಲೇಖನಕ್ಕಾಗಿ, ತುರ್ತು)

ಮಾನ್ಯರೆ,
ಕೆನಡಾದ ಗಾಯಕ ಮೈಕೆಲ್ ಬುಬ್ಲೆ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪುಟ ಅಚ್ಚಿಗೆ ಹೋಗಬೇಕು. 2003ರಲ್ಲಿ ಡೇವಿಡ್ ಫಾಸ್ಟರ್ ನಿರ್ಮಾಣದ ಆಲ್ಬಮ್ಮಿನಿಂದ ಹೆಸರಾದ ಇವರು ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಕಾಲದ ಜಾಝ್ ಹಾಡುಗಳನ್ನೂ ಹಳೆಯ ಪಾಪ್ ಗೀತೆಗಳನ್ನೂ ಹಾಡುತ್ತಾರೆ. ಮೂಲದಲ್ಲಿ ಅವರನ್ನು ಮತ್ತೆ ಮತ್ತೆ ‘ಕ್ರೂನರ್’ (ಮೈಕಿನೆದುರು ಮೆಲ್ಲಗೆ, ಆಪ್ತವಾಗಿ ಹಾಡುವವರು) ಎಂದಿದೆ. ‘ಮಂದ್ರಗಾಯಕ’ ಎಂದರೆ ಸರಿಯಾದೀತೆ?

ಉತ್ತರ 1:
ಆಗದು. ಮಂದ್ರವೆನ್ನುವುದು ಸ್ಥಾಯಿಗೆ, ಅಂದರೆ ಸ್ವರದ ಏರುತಗ್ಗಿಗೆ ಸಂಬಂಧಿಸಿದ ಮಾತು, ದನಿಯ ಮೆಲುಪಿಗಲ್ಲ. ಮೆಲ್ಲಗೆ ಹಾಡುವವರು ತಾರಸ್ಥಾಯಿಯಲ್ಲೂ ಮೆಲ್ಲಗೆ ಹಾಡಬಲ್ಲರು. ‘ಮೆಲುದನಿಗ’ ಎನ್ನಿ. ಅಚ್ಚಗನ್ನಡದ ಪದ ಕೈಗೆಟಕುವಂತಿರುವಾಗ ಸಂಸ್ಕೃತಕ್ಕೂ ಇಂಗ್ಲಿಷಿಗೂ ಕೈಚಾಚುವ ಚಾಳಿಯೇ ನಮ್ಮ ನುಡಿಯನ್ನು ಸೊರಗಿಸಿದೆ.

ಉತ್ತರ 2:
‘ದನಿ’ಯೇ ‘ಧ್ವನಿ’ಯ ತದ್ಭವ, ಅಚ್ಚಗನ್ನಡದ ವಾದ ಅಲ್ಲಿಗೇ ಮುಗಿಯಿತು. ‘ಕ್ರೂನ್’ ಕೂಡ ಇಂಗ್ಲಿಷಿನ ಮನೆಮಾತಲ್ಲ. ಡಚ್ ಮತ್ತು ಉತ್ತರ ಜರ್ಮನಿಯ ನುಡಿಗಳ ಕಡೆಯಿಂದ ಸ್ಕಾಟ್ಲೆಂಡಿಗೆ ಬಂದ ಆ ಪದದ ಮೂಲದಲ್ಲಿ ನರಳು, ಗೋಳಿಡು ಎಂಬ ಅರ್ಥವಿತ್ತು.

ಆದರೆ ತೊಡಕಿರುವುದು ಬೇರೆಡೆ. 1920ರ ದಶಕದಲ್ಲಿ ವಿದ್ಯುತ್ ಮೈಕ್ ಬಳಕೆಗೆ ಬರುವವರೆಗೆ, ವಾದ್ಯವೃಂದವನ್ನು ಮೀರಿ ಸಭಾಂಗಣದ ಕೊನೆಯ ಸಾಲನ್ನು ಮುಟ್ಟಬೇಕಾದರೆ ಗಾಯಕ ಗಂಟಲೆತ್ತಿ ಹಾಡಲೇಬೇಕಿತ್ತು. ರೂಡಿ ವ್ಯಾಲಿ ಬಾಯಿಗೆ ಮೆಗಾಫೋನ್ ಹಿಡಿದು ಹಾಡುತ್ತಿದ್ದರು. ಮೈಕ್ ಬಂದ ಮೇಲೆ ಬಿಂಗ್ ಕ್ರಾಸ್ಬಿಯಂಥವರು ಎದುರಿಗೆ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ, ಉಸಿರಿನ ಎಳೆಯೂ ಕೇಳಿಸುವಂತೆ ಹಾಡತೊಡಗಿದರು. ಆ ಸಲಿಗೆ ಹಲವರಿಗೆ ಸಹಿಸಲಿಲ್ಲ. 1932ರಲ್ಲಿ ಬೋಸ್ಟನ್ನಿನ ಹಿರಿಯ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಓಕಾನೆಲ್ ಈ ಗಾಯನವನ್ನು ಬಹಿರಂಗವಾಗಿ ಖಂಡಿಸಿದರು. ಅಂದಿನ ಗಾಯಕರಿಗೆ ‘ಮೆಲುದನಿ’ ಒಪ್ಪುತ್ತದೆ, ಬುಬ್ಲೆಗೆ ಒಪ್ಪುವುದಿಲ್ಲ. 2005ರ ಆಲ್ಬಮ್ಮಿನ ‘ಫೀಲಿಂಗ್ ಗುಡ್’ ಕೇಳಿ: ಬ್ಯಾಂಡಿನ ತುತ್ತೂರಿಗಳ ಅಬ್ಬರಕ್ಕೆ ಸಮನಾಗಿ ಅವರು ತುಂಬುಕಂಠದಲ್ಲಿ ಏರುತ್ತಾರೆ. ಸೂಟು ತೊಟ್ಟು ಬಿಗ್ ಬ್ಯಾಂಡಿನ (ದೊಡ್ಡ ಜಾಝ್ ವಾದ್ಯವೃಂದದ) ಮುಂದೆ ನಿಂತು, ಹತ್ತಾರು ಮಂದಿ ಹಾಡಿ ಪಳಗಿಸಿದ ಗೀತೆಯನ್ನು ತನ್ನದೇ ವರಸೆಯಲ್ಲಿ ಹಾಡುವ ಪರಂಪರೆಗೇ ಈಗ ‘ಕ್ರೂನರ್’ ಎಂಬ ಹೆಸರು ಸಂದಿದೆ.

ಉತ್ತರ 3:
ತದ್ಭವವಾದ ಮೇಲೆ ಪದ ನಮ್ಮದೇ. ‘ಕ್ರೂನರ್’ಗೆ ಆ ಹಕ್ಕಿಲ್ಲ. ಪರಂಪರೆಯೊಂದು ಹೊರಗಿನದೆಂಬ ಕಾರಣಕ್ಕೆ ಪದವನ್ನೂ ಹೊರಗಿನಿಂದಲೇ ತರಬೇಕೆಂಬ ನಿಯಮ ಎಲ್ಲಿದೆ?

ಉತ್ತರ 4:
ನಿಯಮವಿಲ್ಲ, ರೂಢಿಯಿದೆ, ‘ಜಾಝ್’ ಅನ್ನು ಉಳಿಸಿಕೊಂಡು ‘ಕ್ರೂನರ್’ ಅನ್ನು ಮಾತ್ರ ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಕೇಳಿದವರಿಗೆ ಅವಸರವಿದೆ: ಮೊದಲ ಸಲ ‘ಮೈಕಿನೆದುರು ಆಪ್ತವಾಗಿ ಹಾಡುವ ಕ್ರೂನರ್ ಪರಂಪರೆಯ ಗಾಯಕ’ ಎಂದು ಬರೆದು, ಮುಂದೆ ‘ಕ್ರೂನರ್’ ಎಂದಷ್ಟೇ ಬಳಸಿ. ‘ಮಂದ್ರಗಾಯಕ’ವನ್ನು ದಯವಿಟ್ಟು ಹೊಡೆದುಹಾಕಿ.