ರೈಲಿಗೆ ಹೊಂದುವ ಬಸ್ಸು: ಶಿರವಾಡ ನಿಲ್ದಾಣದ ಅರ್ಜಿಗೆ ಏನೇನು ಬೇಕು

ಅಡ್ಮಿನ್, ಹಬ್ಬುವಾಡ
ಎಲ್ಲರಿಗೂ ನಮಸ್ಕಾರ. ಕಾರವಾರ ರೈಲು ನಿಲ್ದಾಣ ಇರೋದು ಶಿರವಾಡದಲ್ಲಿ, ಬಸ್ ಸ್ಟ್ಯಾಂಡ್ ಇರೋದು ಊರೊಳಗೆ. ನಡುವಿನ ಆರೇಳು ಕಿಲೋಮೀಟರೇ ನಮ್ಮ ತಕರಾರು. "ನಿಲ್ದಾಣಕ್ಕೆ ಬಸ್ ಬಿಡಬೇಕು" ಅಂತ ಒಂದು ಸಾಲು ಬರೆದುಕೊಟ್ಟರೆ "ಪರಿಶೀಲಿಸಲಾಗುವುದು" ಅಂತ ಒಂದು ಸಾಲು ವಾಪಸ್ ಬರುತ್ತದೆ. ಈ ಸಲ ಲೆಕ್ಕದ ಸಮೇತ ಕೊಡೋಣ. ವಿಷಯ ಗೊತ್ತಿದ್ದವರು ಬರೀರಿ. ಗುಡ್ ಮಾರ್ನಿಂಗ್ ಫೋಟೋ ಇವತ್ತು ಬೇಡ.

ಕಾಜುಬಾಗ ಅಕ್ಕೋರು
ದಿನವಿಡೀ ಬಸ್ ಸ್ಟ್ಯಾಂಡ್–ರೈಲು ನಿಲ್ದಾಣ ಅಂತಲೇ ಓಡೋ ಒಂದು ಬಸ್ ಕೇಳಿದರೆ ಆಗೂದಿಲ್ವಾ?

ನಿವೃತ್ತ ಟ್ರಾಫಿಕ್ ಕಂಟ್ರೋಲರ್
ಕೇಳಬಹುದು ಅಕ್ಕೋರೇ, ಆದರೆ ಬಿದ್ದುಹೋಗೋ ಬೇಡಿಕೆ ಅದು. ಹೋಗಿಬರೋಕೆ 14 ಕಿಮೀ ಅಂತಿಟ್ಟುಕೊಳ್ಳಿ. ದಿನಕ್ಕೆ 8 ಸುತ್ತು ಹೊಡೆದರೂ ಆಗೋದು 112 ಕಿಮೀ. ಉಳಿದ ಹೊತ್ತು ಗಾಡಿ ಮತ್ತೆ ಡ್ರೈವರ್, ಕಂಡಕ್ಟರ್ ರೈಲಿಗೆ ಕಾಯ್ತಾ ಕೂತಿರಬೇಕು. ಡಿಪೋದಲ್ಲಿ ನೋಡೋದು ಕಿಲೋಮೀಟರಿಗೆ ಎಷ್ಟು ಗಳಿಕೆ ಅಂತ, ಮತ್ತೆ ಗಾಡಿ ದಿನಕ್ಕೆ ಎಷ್ಟು ಓಡ್ತು ಅಂತ. ಎರಡರಲ್ಲೂ ಈ ಶೆಡ್ಯೂಲ್ ಕೆಳಗೇ ಇರುತ್ತದೆ. ಶುರುವಾದರೂ ಗಾಡಿ ಕಮ್ಮಿ ಬಿದ್ದ ದಿನ ಮೊದಲು ರದ್ದಾಗೋದು ಅದೇ.

ಅದರ ಬದಲು, ಶಿರವಾಡದ ಮೇಲೆ ಕದ್ರಾ, ಮಲ್ಲಾಪುರ ಕಡೆಗೆ ಈಗಲೇ ಓಡೋ ಟ್ರಿಪ್‌ಗಳಲ್ಲಿ ನಾಲ್ಕೈದನ್ನು ಆರಿಸಿ, ನಿಲ್ದಾಣದ ಅಂಗಳಕ್ಕೆ ಹೊಕ್ಕು ಬರಲಿ ಅನ್ನಿ. ಹೊಸ ಗಾಡಿ ಬೇಡ, ಹೊಸ ಸಿಬ್ಬಂದಿ ಬೇಡ. ಸೇರೋದು ಮುಖ್ಯ ರಸ್ತೆಯಿಂದ ಅಂಗಳಕ್ಕೆ ಹೋಗಿ ಬರೋ ದೂರ ಮಾತ್ರ. ಅದನ್ನು ಬೈಕಿನ ಮೀಟರಲ್ಲಿ ಅಳೆದು ಅರ್ಜಿಯಲ್ಲೇ ಬರೀರಿ. ಉದ್ದದ ಬಸ್ ರಿವರ್ಸ್ ಹಾಕದೆ ತಿರುಗೋಕೆ ಜಾಗ ಇದೆಯಾ, ಆಟೋ ಸಾಲು ಎಲ್ಲಿ ಅಡ್ಡ ಬರುತ್ತದೆ, ಅದರ ಒಂದು ನಕ್ಷೆ ಕೈಯಲ್ಲೇ ಬಿಡಿಸಿ ಲಗತ್ತಿಸಿ. "ತಿರುಗೋಕೆ ಜಾಗ ಇಲ್ಲ" ಅನ್ನೋ ಒಂದು ಮಾತಿಗೆ ಎಷ್ಟೋ ಅರ್ಜಿ ಮೂಲೆ ಸೇರ್ತಾವೆ.

ಸದಾಶಿವಗಡ ಕಡೆಯವರು
ರೈಲು ತಡವಾದರೆ ಎಂತ ಮಾಡೂದು ಮಾರಾಯ್ರೆ? ಕೊಂಕಣ ರೈಲ್ವೆ ಒಂಟಿ ಹಳಿ, ಎದುರಿನ ಗಾಡಿಗೆ ಕಾಯ್ತಾ ನಿಂತರೆ ಹೇಳೋಕಾಗೂದಿಲ್ಲ.

ನಿವೃತ್ತ ಟ್ರಾಫಿಕ್ ಕಂಟ್ರೋಲರ್
ಮುಖ್ಯ ಪ್ರಶ್ನೆಯೇ ಅದು. ರೈಲಿಗೆ ವರ್ಷದಲ್ಲಿ ಎರಡು ವೇಳಾಪಟ್ಟಿ. ಎಷ್ಟೋ ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಮಳೆಗಾಲದ್ದು ಇತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಗುಡ್ಡದ ಮಣ್ಣು, ಬಂಡೆ ಜಾರೋ ಭಯಕ್ಕೆ ಆಗ ವೇಗ ಕಮ್ಮಿ. ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿಮೀ ಮೀರೋ ಹಾಗಿಲ್ಲ. ಬಸ್ಸಿನ ಪಟ್ಟಿ ಮಾತ್ರ ಹನ್ನೆರಡು ತಿಂಗಳೂ ಅದೇ. ಜನವರಿಯಲ್ಲಿ ಹೊಂದಿಸಿದ ಬಸ್ ಜುಲೈನಲ್ಲಿ ಖಾಲಿ ಹೋಗುತ್ತದೆ, "ಜನ ಹತ್ತೂದಿಲ್ಲ" ಅಂತ ಷರಾ ಬೀಳುತ್ತದೆ. ಅದಕ್ಕೇ ಎರಡು ಪಟ್ಟಿ ಕೇಳಿ, ಮಳೆಗಾಲಕ್ಕೊಂದು, ಉಳಿದ ಕಾಲಕ್ಕೊಂದು.

ರೈಲು ಬರೋ ನಿಗದಿತ ಹೊತ್ತಿಗಿಂತ 15 ನಿಮಿಷ ತಡವಾಗಿ ಬಸ್ ಹೊರಡಲಿ, ರೈಲು ತಡವಾದರೆ ಇನ್ನೂ 10 ನಿಮಿಷ ಕಾಯಲಿ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಕದ್ರಾದಿಂದ ಹತ್ತಿ ಬಂದವರು ಬೈತಾರೆ, ಅವರು ಬೈಯೋದೂ ನ್ಯಾಯವೇ. ರೈಲು ಹಿಡಿಯೋಕೆ ಹೋಗೋ ಟ್ರಿಪ್ ಆದರೆ 25 ನಿಮಿಷ ಮೊದಲೇ ಅಂಗಳದಲ್ಲಿರಬೇಕು, ಕೌಂಟರಲ್ಲಿ ಟಿಕೆಟ್ ತಗೊಳ್ಳೋವ್ರೂ ಇರ್ತಾರೆ.

ಸದಾಶಿವಗಡದವರು ಕಾಳಿ ನದಿ ದಾಟಿ ಬರಬೇಕು, ಇನ್ನೊಂದು ಹತ್ತು ನಿಮಿಷ ಕೂಡಿಸಿ. 2024ರ ಆಗಸ್ಟ್ 7ರಂದು ಕಾಳಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ಗಾಡಿ ಹೊಸ ಸೇತುವೆಗೇ ಬಿದ್ದವಲ್ಲ.

ಕೋಡಿಬಾಗ
ಬೆಂಗಳೂರು ಮೆಟ್ರೋ ಹಾಗೆ ಬಸ್ಸಿಗೂ ರೈಲಿಗೂ ಒಂದೇ ಕಾರ್ಡ್ ಅಂತ ಸೇರಿಸೋಣ?

ಅಡ್ಮಿನ್, ಹಬ್ಬುವಾಡ
ಬೇಡ ಅಣ್ಣಾ. ಎಲ್ಲ ಸಾರಿಗೆಗೂ ಒಂದೇ ಅಂತ 2019ರಲ್ಲಿ ಬಂದ ರಾಷ್ಟ್ರೀಯ ಕಾರ್ಡ್ ಓದೋ ಯಂತ್ರ ಬಸ್ಸಲ್ಲೂ ಬೇಕು, ರೈಲಲ್ಲೂ ಬೇಕು. ಹೊತ್ತೇ ಹೊಂದದಿದ್ದರೆ ಕಾರ್ಡ್ ಕಿಸೆಯಲ್ಲಿಟ್ಟುಕೊಂಡು ಆಟೋ ಹತ್ತೋದೇ.

ಕಾಜುಬಾಗ ಅಕ್ಕೋರು
ಎಣಿಕೆಯಲ್ಲಿ ಹೆಂಗಸರನ್ನು ಬೇರೆ ಕಾಲಂನಲ್ಲಿ ಬರೀರಿ. 2023ರ ಜೂನ್ 11ರಿಂದ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಇದೆ. ಶೂನ್ಯ ಟಿಕೆಟ್ಟಿನ ಹಣ ಸಂಸ್ಥೆಗೆ ಸರ್ಕಾರದಿಂದ ಬರಬೇಕು, ಅದಕ್ಕೇ ಅದನ್ನೂ ಗಳಿಕೆ ಅಂತ ತೋರಿಸಿ. ಮಾಜಾಳಿ ಕಡೆ ಹೋಗೋವ್ರಿಗೆ ಗೋವಾದ ಕದಂಬ ಬಸ್ಸಲ್ಲಿ ಶಕ್ತಿ ನಡೆಯೂದಿಲ್ಲ, ಅವರಿಗೆ ನಮ್ಮ ಬಸ್ಸೇ ಬೇಕು.

ಆಟೋ ಸ್ಟ್ಯಾಂಡ್ ಕಡೆಯಿಂದ
ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ. ಸೀಟಿಗಿಷ್ಟು ಅಂತ ಶೇರ್ ಮಾಡಿ ಬಿಡ್ತೇವೆ, ಆಗದಾ?

ನಿವೃತ್ತ ಟ್ರಾಫಿಕ್ ಕಂಟ್ರೋಲರ್
ಅಣ್ಣಾ, ಆಟೋ ಪರ್ಮಿಟ್ ಇರೋದು ಪೂರ್ತಿ ಗಾಡಿ ಬಾಡಿಗೆಗೆ. ಸೀಟು ಲೆಕ್ಕಕ್ಕೆ ಸಾರಿಗೆ ಪ್ರಾಧಿಕಾರ ಬೇರೆಯಾಗಿ ಒಪ್ಪಬೇಕು. ರಾತ್ರಿ ರೈಲಿಗೆ ಬಸ್ ಹೊಂದೂದಿಲ್ಲ, ಆ ಹೊತ್ತು ನಿಮ್ಮದೇ. ಅದಕ್ಕೆ ಪ್ರೀಪೇಯ್ಡ್ ಕೌಂಟರ್ ಕೇಳೋಣ: ಗಾಡಿ ನಂಬರ್ ಬರೆದ ಚೀಟಿ, ಏರಿಯಾವಾರು ದರದ ಬೋರ್ಡು. ದರ ನಿಗದಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು, ಕೌಂಟರಿಗೆ ಜಾಗ ರೈಲ್ವೆಯದ್ದು. ಎರಡು ಅರ್ಜಿ.

ಅಡ್ಮಿನ್, ಹಬ್ಬುವಾಡ
ಬಸ್ ಅರ್ಜಿ ಯಾರಿಗೆ?

ನಿವೃತ್ತ ಟ್ರಾಫಿಕ್ ಕಂಟ್ರೋಲರ್
ಕಾರವಾರ ಡಿಪೋ ಮ್ಯಾನೇಜರಿಗೆ ಕೊಟ್ಟು, ಪ್ರತಿಯನ್ನು ಶಿರಸಿಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ. ಟ್ರಿಪ್ ಬದಲಾವಣೆಗೆ ಒಪ್ಪಿಗೆ ಬೇಕಾದ್ದು ಅಲ್ಲಿಂದ. ಅಂಗಳದೊಳಗೆ ಬಸ್ ನಿಲ್ಲೋಕೆ ಕೊಂಕಣ ರೈಲ್ವೆಯ ಕಾರವಾರ ಪ್ರಾದೇಶಿಕ ಕಚೇರಿಗೆ ಇನ್ನೊಂದು ಪತ್ರ. ರೈಲ್ವೆಯ ಒಪ್ಪಿಗೆ ಕೈಯಲ್ಲಿದ್ದರೆ ಡಿಪೋದವರಿಗೆ ಇಲ್ಲ ಅನ್ನೋಕೆ ಒಂದು ಕಾರಣ ಕಮ್ಮಿ. ಸ್ವೀಕೃತಿ ಸೀಲ್ ಇಲ್ಲದೆ ಹೊರಗೆ ಬರಬೇಡಿ.

ಜೊತೆಗೊಂದು ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಉದ್ದ ಬರೆದರೆ ನಮ್ಮ ರಾಜ್ಯದ ನಿಯಮ ತೋರಿಸಿ ವಾಪಸ್ ಮಾಡಬಹುದು. ಕೇಳಬೇಕಾದ್ದು "ಶಿರವಾಡ ಸ್ಟೇಜಿನಲ್ಲಿ ಟ್ರಿಪ್‌ವಾರು ವಿತರಿಸಿದ ಟಿಕೆಟ್, ಶೂನ್ಯ ಟಿಕೆಟ್ ಸಹಿತ". ಟಿಕೆಟ್ ಮೆಷಿನ್ನಲ್ಲಿ ಆ ಲೆಕ್ಕ ಇರುತ್ತದೆ. ಉತ್ತರಕ್ಕೆ 30 ದಿನ.

ಅಡ್ಮಿನ್, ಹಬ್ಬುವಾಡ
ಹಾಗಾದರೆ ಎಣಿಕೆ ಹೀಗೆ. ನಿಲ್ದಾಣದ ಹೊರಬಾಗಿಲಲ್ಲಿ ರೈಲಿಗೆ ಇಬ್ಬರು. ಒಬ್ಬರು ಹೊರಗೆ ಬಂದವರನ್ನು ಎಣಿಸೋದು, ಇನ್ನೊಬ್ಬರು ಹೇಗೆ ಹೋದರು ಅಂತ ಗುರುತು ಹಾಕೋದು: ಆಟೋ, ಮನೆಯವರ ಬೈಕು, ಮುಖ್ಯ ರಸ್ತೆವರೆಗೆ ನಡಿಗೆ. ಬಿಡೋಕೆ, ಕರೆಯೋಕೆ ಬಂದವರು ಲೆಕ್ಕಕ್ಕಿಲ್ಲ. ಆಟೋ ಹತ್ತೋವ್ರ ಹತ್ರ "ಎಲ್ಲಿಗೆ?" ಅಂತ ಒಂದೇ ಪ್ರಶ್ನೆ. ಮಂಗಳವಾರ, ಶುಕ್ರವಾರ, ಭಾನುವಾರ ಸಾಕು. ಚೌತಿ ಹತ್ತಿರದ ವಾರ ಬೇಡ, ಮುಂಬೈಯವರೆಲ್ಲ ಇಳಿದು ಲೆಕ್ಕ ಉಬ್ಬುತ್ತದೆ, ಅದು ಆಫೀಸಿನವರಿಗೂ ಗೊತ್ತು.

ಸದಾಶಿವಗಡ ಕಡೆಯವರು
ಮಂಗಳವಾರ ಬೆಳಿಗ್ಗೆ ನಾವಿಬ್ಬರು ಬರ್ತೇವೆ.

ಕಾಜುಬಾಗ ಅಕ್ಕೋರು
ಭಾನುವಾರ ನಾನು ಮತ್ತೆ ನಮ್ಮ ಓಣಿಯ ಇಬ್ಬರು. ಅಂಗಳದ ನಕ್ಷೆಯೂ ಅವತ್ತೇ ಮಾಡ್ತೇವೆ, ಟೇಪ್ ಇದೆ.

ಅಡ್ಮಿನ್, ಹಬ್ಬುವಾಡ
ಶುಕ್ರವಾರ ಸಂಜೆಗೆ ಇನ್ನೊಬ್ಬರು ಬೇಕು. ಪೆನ್ನಿನ ಬದಲು ಪೆನ್ಸಿಲ್ ತನ್ನಿ, ಎರಚಲಿಗೆ ಶಾಯಿ ಹರಡುತ್ತದೆ.

ಆಟೋ ಸ್ಟ್ಯಾಂಡ್ ಕಡೆಯಿಂದ
ಶುಕ್ರವಾರ ನಾ ಬರ್ತೆ. ರಾತ್ರಿ ಗಾಡಿದೂ ಎಣಿಸೂದಾದ್ರೆ ಮಾತ್ರ.

ಅಡ್ಮಿನ್, ಹಬ್ಬುವಾಡ
ಎಣಿಸೋಣ.